ಆತಕೂರಿನ ಕಲ್ಲಿಗೆ ಈಗ ಗೊರವ ಯಾರು?

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗೋದು ಅದರ ಕೆಂಪು ಕಟ್ಟಡ. ಎಡ್ವರ್ಡ್ ಬಾಲ್ಫರ್ ಅವರ ಮುತುವರ್ಜಿಯಿಂದ 1865ರಲ್ಲಿ ಶುರುವಾದ ಸಂಸ್ಥೆ ಇದು. ಈಗಿನ ಕಟ್ಟಡ 1877ರದ್ದು. ಹೊಯ್ಸಳ ಶಿಲ್ಪಗಳು, ಚಂದ್ರವಳ್ಳಿಯ ಉತ್ಖನನದ ವಸ್ತುಗಳು, ನಾಣ್ಯಗಳು, ಮೈಸೂರು ಶೈಲಿಯ ಚಿತ್ರಗಳು, ಹೀಗೆ ಸಂಗ್ರಹ ದೊಡ್ಡದೇ. ಆದರೆ ಶಾಸನದ ಹುಚ್ಚು ಹತ್ತಿದವರಿಗೆ ಅಲ್ಲಿ ಎರಡು ಕಲ್ಲು ಬೇರೆಲ್ಲಕ್ಕಿಂತ ಮುಖ್ಯ: ಬೇಗೂರಿನ ವೀರಗಲ್ಲು ಮತ್ತು ಆತಕೂರಿನ ಶಾಸನ. ಈ ಬರಹ ಎರಡನೆಯದನ್ನು ಹಿಡಿದುಕೊಂಡು ಮ್ಯೂಸಿಯಂನ ಕೆಲಸ ಏನು ಅಂತ ಕೇಳುವ ಪ್ರಯತ್ನ.

ಆತಕೂರು ಇರೋದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಶಾಸನದ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲಂ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಜೊತೆ ಹೋರಾಡಿದ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು! ಆ ಕಾಳಿ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಎರಡೂ ಜೊತೆಗೇ ಸತ್ತವು. ಅದರ ನೆನಪಿಗೆ ಮಣಲೇರ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟ.

ಇಲ್ಲಿಯವರೆಗಿನ ಕಥೆ ನಿಮಗೆಲ್ಲ ಗೊತ್ತಿರಬಹುದು. ನಾನು ಒತ್ತಿ ಹೇಳಬೇಕಾದ್ದು ಶಾಸನದ ಕೊನೆಯ ಭಾಗ. ಆ ಮಣ್ಣನ್ನು ಯಾರಾದರೂ ಅಳಿದರೆ, ನಾಡನ್ನಾಳುವವನೇ ಆಗಲಿ, ಊರನ್ನಾಳುವವನೇ ಆಗಲಿ, ಆ ನಾಯಿ ಮಾಡಿದ ಪಾಪ ಅವರಿಗೆ. ಅಷ್ಟೇ ಅಲ್ಲ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಅದೇ ಪಾಪ. ಅಂದರೆ ಮಣಲೇರ ಬರೀ ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ಕಲ್ಲಿಗೆ ಒಬ್ಬ ಪಾಲಕನನ್ನು, ಅವನ ಖರ್ಚಿಗೆ ಜಮೀನನ್ನು, ಅವನು ದಿನಾ ಮಾಡಬೇಕಾದ ಕೆಲಸವನ್ನು ಗೊತ್ತುಮಾಡಿದ. ಇವತ್ತಿನ ಮಾತಲ್ಲಿ ಹೇಳೋದಾದರೆ ಸಿಬ್ಬಂದಿ, ಅನುದಾನ, ಕರ್ತವ್ಯ. ಸಾವಿರ ವರ್ಷದ ಹಿಂದಿನ ಒಂದು ಪುಟ್ಟ ಮ್ಯೂಸಿಯಂ ಅದು ಅಂದರೂ ತಪ್ಪಿಲ್ಲ.

ಈಗ ಕಲ್ಲು ಬೆಂಗಳೂರಿಗೆ ಬಂದಿದೆ. ಹಾಗಾದರೆ ಗೊರವನ ಜಾಗದಲ್ಲಿ ಇರೋರು ಯಾರು? ಮ್ಯೂಸಿಯಂ ತಾನೇ? ಅರಿಸಿನ ಕುಂಕುಮ ಹಚ್ಚಿ ಅಂತ ಯಾರೂ ಕೇಳುತ್ತಿಲ್ಲ. ಶಾಸನಕ್ಕೆ ಮ್ಯೂಸಿಯಂ ಮಾಡಬಹುದಾದ ಪೂಜೆ ಒಂದೇ: ಬಂದವರು ಅದನ್ನು ಓದುವ ಹಾಗೆ ಮಾಡೋದು.

ಓದು ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೆ ಇದೇ ಕಲ್ಲು ಸಾಕ್ಷಿ. ರಾಜಾದಿತ್ಯ ಸತ್ತ ಬಗೆಯನ್ನು ಹೇಳುವ ಸಾಲಲ್ಲಿ ‘ಬಿಸುಗೆ’ ಅನ್ನೋ ಪದ ಬರುತ್ತೆ. ಜೆ.ಎಫ್. ಫ್ಲೀಟ್ ಮೊದಲು ಅದನ್ನು ಅಪ್ಪುಗೆ ಅಂತ ತಿಳಿದು, ಮುಂದಿನ ಪದವನ್ನೂ ‘ಕಳ್ಳ’ ಅಂತ ಓದಿ, ಬೂತುಗ ಮೋಸದಿಂದ ಇರಿದ ಅಂತ ಅರ್ಥ ಮಾಡಿದರು. ಆಮೇಲೆ ತಾವೇ ತಿದ್ದಿದರು: ಬಿಸುಗೆ ಅಂದರೆ ಆನೆಯ ಮೇಲಿನ ಪೀಠ, ಇನ್ನೊಂದು ಪದ ‘ಕಳ’, ಅಂದರೆ ರಣರಂಗ. ಆನೆಯ ಮೇಲಿನ ಪೀಠವೇ ರಣರಂಗವಾಗಿ ಬೂತುಗ ಇರಿದ ಅಂತಾಯ್ತು. ರಾಜಾದಿತ್ಯ ಆನೆಯ ಮೇಲೆಯೇ ಸತ್ತ ಅನ್ನೋ ಚೋಳರ ದಾಖಲೆಗೂ ಇದು ಹೊಂದುತ್ತೆ. ಒಂದು ಒತ್ತಕ್ಷರದಿಂದ ಒಬ್ಬ ರಾಜ ದ್ರೋಹಿಯಾಗಿದ್ದವನು ವೀರನಾದ. ಇದನ್ನು ಮ್ಯೂಸಿಯಂನಲ್ಲಿ, ಆ ಅಕ್ಷರಗಳನ್ನೇ ಬೆರಳಿಟ್ಟು ತೋರಿಸಿ ಹೇಳಿದರೆ ಹೈಸ್ಕೂಲ್ ಹುಡುಗರೂ ಬಾಯಿಬಿಟ್ಟುಕೊಂಡು ಕೇಳ್ತಾರೆ.

ನಮ್ಮ ಮ್ಯೂಸಿಯಂಗಳ ರೂಢಿ ಬೇರೆ. ಕಾಲ, ರಾಜವಂಶ, ಸಿಕ್ಕಿದ ಸ್ಥಳ ಇಷ್ಟನ್ನು ಫಲಕದಲ್ಲಿ ಬರೆದರೆ ಮುಗಿಯಿತು. ಶಿಲ್ಪಕ್ಕೆ ಅಷ್ಟು ಸಾಕಾಗಬಹುದು, ಕಣ್ಣು ಉಳಿದದ್ದನ್ನು ನೋಡಿಕೊಳ್ಳುತ್ತೆ. ಶಾಸನಕ್ಕೆ ಸಾಲದು. ಹಳಗನ್ನಡ ಲಿಪಿ ಬಾರದವರು ಆತಕೂರಿನ ಕಲ್ಲಲ್ಲಿ ನಾಯಿ ಹಂದಿ ಕಚ್ಚಾಡುವ ಚಿತ್ರ ನೋಡಿ ಮುಂದೆ ಹೋಗ್ತಾರೆ. ಪಾಠ, ಇಂದಿನ ಲಿಪಿಯ ರೂಪ, ಹೊಸಗನ್ನಡದ ಅರ್ಥ ಈ ಮೂರೂ ಪಕ್ಕದಲ್ಲೇ ಇರಬೇಕು.

ಮ್ಯೂಸಿಯಂ ಬೇಡ, ಕಲ್ಲುಗಳು ಊರಲ್ಲೇ ಇರಲಿ ಅನ್ನೋ ವಾದವನ್ನು ನಾನು ಪೂರ್ತಿ ಒಪ್ಪಲ್ಲ. ನಮ್ಮ ಪಶ್ಚಿಮ ಬೆಂಗಳೂರನ್ನೇ ನೋಡಿ. ಕೇತಮಾರನಹಳ್ಳಿ ರಾಜಾಜಿನಗರದೊಳಗೆ ಕರಗಿತು. ಸಾಣೇಗುರುವನಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿ ಬಡಾವಣೆಗಳ ನಡುವೆ ಹೆಸರಾಗಿ ಉಳಿದಿವೆ. ಬಿ.ಎಲ್. ರೈಸ್ 1905ರ ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ದಾಖಲಿಸಿದಾಗ ಇವೆಲ್ಲ ಹೊಲ, ಕೆರೆ, ತೋಪು. ಊರು ನಗರವಾಗುವಾಗ ಕಲ್ಲು ಮೋರಿಗೆ ಚಪ್ಪಡಿಯಾಗೋದು ಎಷ್ಟು ಸುಲಭ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಮ್ಯೂಸಿಯಂ ಸೇರಿದ ಕಲ್ಲಿಗೆ ಆ ಭಯ ಇಲ್ಲ.

ಆದರೆ ಕಲ್ಲನ್ನು ಉಳಿಸೋದು ಅರ್ಧ ಕೆಲಸ ಅಷ್ಟೇ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಾಗ ಊರವರೇ ಮುಂದೆ ನಿಂತು ಮಂಟಪ ಕಟ್ಟಿದರು. ಅದರಲ್ಲಿ ಏನು ಬರೆದಿದೆ ಅಂತ ತಿಳಿದಿದ್ದಕ್ಕೇ ಅದು ‘ನಮ್ಮ ಕಲ್ಲು’ ಆಯ್ತು. ಮ್ಯೂಸಿಯಂ ಪಕ್ಕದ ವೆಂಕಟಪ್ಪ ಕಲಾಶಾಲೆಯ ಉದಾಹರಣೆಯೂ ಇದೆ. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಮಾತು ಬಂದಾಗ, 2016ರಲ್ಲಿ ಕಲಾವಿದರು ಪ್ರತಿಭಟನೆಗೆ ಇಳಿದರು. ಆ ಗೋಡೆಗಳು ತಮ್ಮವು ಅನ್ನೋ ಭಾವನೆ ಅವರಿಗಿತ್ತು. ಒಂದೇ ಆವರಣದಲ್ಲಿರುವ ಶಾಸನಗಳ ಪರವಾಗಿ ಹಾಗೆ ಬರುವ ಜನ ಎಷ್ಟಿದ್ದಾರೆ?

ಆ ಜನರನ್ನು ಬೆಳೆಸೋದೇ ಮ್ಯೂಸಿಯಂ ಊರಿಗೆ ಮಾಡಬೇಕಾದ ಕೆಲಸ. ಅದೇನೂ ಆಗದ ಹೋಗದ ಮಾತಲ್ಲ. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಬರಿಗಣ್ಣಿಗೆ ಕಾಣದ ಅಕ್ಷರಗಳೂ ಅದರಲ್ಲಿ ಎದ್ದು ಕಾಣುತ್ತವೆ. ಅಂಥದ್ದೇ ವಿಧಾನದಲ್ಲಿ ಆತಕೂರಿನ ಕಲ್ಲಿನ ಒಂದು ಪ್ರತಿಕೃತಿ ಮಾಡಿ ಆತಕೂರಿಗೇ ಕೊಡಬಹುದು. ತಿಂಗಳಿಗೊಂದು ಭಾನುವಾರ ಕಲ್ಲಿನ ಮುಂದೆಯೇ ಲಿಪಿ ಪಾಠ ಇಡಬಹುದು. ಕೆಂಗೇರಿ, ವಿಜಯನಗರದವರಿಗೆ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಕಬ್ಬನ್ ಪಾರ್ಕ್ ನಿಲ್ದಾಣದವರೆಗೂ ಒಂದೇ ಗಾಡಿ. ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಆಯ್ತು. ಪಾಠ ಕಲಿತವರು ವಾಪಸ್ ಹೋಗಿ ತಮ್ಮ ಬೀದಿಯ ಗುಡಿಯ ಹಿಂದೆ ಮಲಗಿರುವ ಕಲ್ಲನ್ನು ಬೇರೆಯೇ ಕಣ್ಣಲ್ಲಿ ನೋಡ್ತಾರೆ.

ಒಂದು ನಾಯಿಯ ನೆನಪಿಗೆ ಎರಡು ಖಂಡುಗ ಮಣ್ಣು ಬಿಟ್ಟವನು ಮಣಲೇರ. ನಾವು ಕೇಳುತ್ತಿರೋದು ಕಲ್ಲಿನ ಪಕ್ಕ ಒಂದು ಒಳ್ಳೆಯ ಫಲಕ, ಓದಿ ಹೇಳೋಕೆ ಒಬ್ಬರು. ಅಷ್ಟೂ ಆಗದಿದ್ದರೆ, ಪಾಪ ಯಾರಿಗೆ ತಟ್ಟುತ್ತೆ ಅಂತ ಕಲ್ಲಿನಲ್ಲೇ ಬರೆದಿದೆ.