ದುರಂತ ಯಾರದು?

ಸಿ.ಎಲ್.ಆರ್. ಜೇಮ್ಸ್ ಅವರ ‘ದಿ ಬ್ಲ್ಯಾಕ್ ಜಾಕೊಬಿನ್ಸ್’ (1938) ಕೃತಿಯ ದೊಡ್ಡತನವನ್ನು ಇಲ್ಲಿ ಮತ್ತೆ ಸಾಬೀತು ಮಾಡಬೇಕಿಲ್ಲ. 1791ರ ಆಗಸ್ಟ್‌ನಲ್ಲಿ ಫ್ರೆಂಚ್ ವಸಾಹತು ಸಾಂ ದೊಮಿಂಗ್‌ನ ಉತ್ತರ ಬಯಲಿನ ಕಬ್ಬಿನ ತೋಟಗಳಿಗೆ ಬೆಂಕಿಯಿಟ್ಟ ಗುಲಾಮರು 1804ರಲ್ಲಿ ಹೈಟಿ ಎಂಬ ದೇಶವನ್ನೇ ಕಟ್ಟಿದ ಕಥೆಯನ್ನು ಅಷ್ಟು ಕಸುವಿನಿಂದ ಹೇಳಿದ ಇನ್ನೊಂದು ಪುಸ್ತಕವಿಲ್ಲ. ತಕರಾರು ಇರುವುದು ಈಚಿನ ಹೊಗಳಿಕೆ ಎಲ್ಲಿ ಬಂದು ನಿಂತಿದೆ ಎಂಬುದರ ಬಗ್ಗೆ. 1963ರ ಆವೃತ್ತಿಯ ಕೊನೆಯ ಅಧ್ಯಾಯದ ಆರಂಭಕ್ಕೆ ಜೇಮ್ಸ್ ಕೆಲವು ಪ್ಯಾರಾಗಳನ್ನು ಸೇರಿಸಿ, ಆ ದಂಗೆಯ ನಾಯಕ ಟೂಸಾಂ ಲೂವರ್ಚರ್‌ನನ್ನು ಪ್ರಮೀಥಿಯಸ್, ಹ್ಯಾಮ್ಲೆಟ್, ಲಿಯರ್‌ಗಳ ಸಾಲಿನಲ್ಲಿ ಕೂರಿಸಿದರು. ವಿದ್ವಾಂಸ ಡೇವಿಡ್ ಸ್ಕಾಟ್ 2004ರಲ್ಲಿ ಇದೇ ಪ್ಯಾರಾಗಳನ್ನು ಬೀಗದ ಕೈ ಮಾಡಿಕೊಂಡು ಇಡೀ ಕೃತಿಯನ್ನು ದುರಂತವಾಗಿ ಓದಿದರು. ನನಗೆ ಕಾಣುವಂತೆ, ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಸಡಿಲವಾದ ಜಾಗ ಅದೇ.

ಆ ಪ್ಯಾರಾಗಳ ತರ್ಕ ಹೀಗಿದೆ: ಫ್ರಾನ್ಸ್‌ನ ಜ್ಞಾನ, ನಾಗರಿಕತೆಗಳಿಲ್ಲದೆ ತನ್ನ ಜನ ಮುಂದೆ ಬರಲಾರರು ಎಂದು ಟೂಸಾಂ ನಂಬಿದ್ದ, ಆದರೆ ಅದೇ ಫ್ರಾನ್ಸ್ ಗುಲಾಮಗಿರಿಯನ್ನು ಮರಳಿ ತರಲು ಹಡಗು ಹತ್ತಿತ್ತು. ಈ ಇಕ್ಕಟ್ಟಿನಲ್ಲಿ ಅವನ ಲೆಕ್ಕಾಚಾರ ತಪ್ಪಿತು. ಅಂದರೆ ತಪ್ಪಿಗೂ ಒಂದು ಘನತೆ ಬಂತು. ಹೆಚ್ಚು ಕಂಡವನಾದ್ದರಿಂದ ಎಡವಿದ ಎಂದಾಯಿತು. ಈ ಓದು ನಿಲ್ಲಬೇಕಾದರೆ ಹಿಂದಿನ ಅಧ್ಯಾಯವನ್ನು ಮರೆಯಬೇಕು. 1800ರ ಅಕ್ಟೋಬರ್‌ನ ಆಜ್ಞೆಯಲ್ಲಿ ಟೂಸಾಂ ತೋಟದ ಆಳುಗಳನ್ನು ಸೈನಿಕರ ಶಿಸ್ತಿಗೆ ಒಳಪಡಿಸಿದ. ಅನುಮತಿಯಿಲ್ಲದೆ ತೋಟ ಬಿಡುವಂತಿರಲಿಲ್ಲ. 1801ರ ಅವನ ಸಂವಿಧಾನ ಗುಲಾಮಗಿರಿಯನ್ನು ಶಾಶ್ವತವಾಗಿ ರದ್ದುಮಾಡಿತು; ಜೊತೆಗೇ, ತೋಟಗಳಿಗೆ ಹೊರಗಿನಿಂದ ಆಳುಗಳನ್ನು ತರಿಸಲೂ ದಾರಿ ಬಿಟ್ಟಿತು. ಅದೇ ವರ್ಷ ಉತ್ತರದ ಆಳುಗಳು ತಿರುಗಿಬಿದ್ದಾಗ, ಆ ಕಟ್ಟುಪಾಡನ್ನು ವಿರೋಧಿಸುತ್ತಿದ್ದ, ಸೈನಿಕರಿಗೆ ತುಂಡುಭೂಮಿ ಹಂಚಬೇಕೆನ್ನುತ್ತಿದ್ದ ಸ್ವಂತ ಬಂಧು ಮೊಯೀಸ್‌ನನ್ನು ಟೂಸಾಂ ಗುಂಡಿಟ್ಟು ಕೊಲ್ಲಿಸಿದ. ಜಗಳ ಇದ್ದದ್ದು ನಾಗರಿಕತೆಗೂ ಸ್ವಾತಂತ್ರ್ಯಕ್ಕೂ ಅಲ್ಲ, ದೊಡ್ಡ ತೋಟಕ್ಕೂ ತುಂಡುಹೊಲಕ್ಕೂ. ವಿಚಿತ್ರವೆಂದರೆ ಇದನ್ನು ಜೇಮ್ಸ್‌ಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಕೊಲೆಯನ್ನು ಅವರು, ಕಾರ್ಮಿಕರ ಪರ ನಿಂತದ್ದಕ್ಕೆ ಟ್ರಾಟ್ಸ್ಕಿಯನ್ನು ಲೆನಿನ್ನನೇ ಕೊಲ್ಲಿಸಿದಂತಾಯಿತು ಎಂಬರ್ಥದ ಹೋಲಿಕೆಯಲ್ಲಿ ಖಂಡಿಸುತ್ತಾರೆ. 1938ರಲ್ಲಿ ಅಷ್ಟು ಖಾರವಾಗಿದ್ದ ತೀರ್ಪಿನ ಮೇಲೆ 1963ರ ಶೋಕಗಂಭೀರ ಶೈಲಿ ಮುಸುಕು ಎಳೆಯುತ್ತದೆ. ಸ್ಕಾಟ್ ಮೆಚ್ಚುವುದು ಆ ಮುಸುಕನ್ನೇ.

ಟೂಸಾಂನ ಇಕ್ಕಟ್ಟೇ ದಂಗೆಯ ಇಕ್ಕಟ್ಟು ಎಂದುಕೊಂಡರೆ ಉಳಿದವರೆಲ್ಲ ಹಿಮ್ಮೇಳವಾಗುತ್ತಾರೆ. ಸುಮಾರು ಐದು ಲಕ್ಷ ಗುಲಾಮರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಫ್ರಿಕಾದಲ್ಲೇ ಹುಟ್ಟಿದವರು. ಹಲವರು ಕೊಂಗೊ ರಾಜ್ಯದ ಯುದ್ಧಗಳಲ್ಲಿ ಪಳಗಿದ ಸೈನಿಕರು ಎಂದು ಜಾನ್ ಥಾರ್ನ್‌ಟನ್ ವಾದಿಸಿದ್ದಾರೆ. 1793ರಲ್ಲಿ ಫ್ರೆಂಚ್ ಗಣರಾಜ್ಯ ತನ್ನ ಕಡೆಗೆ ಕರೆದಾಗ ಮಕಾಯಾ ಎಂಬ ನಾಯಕ, ತಾನು ಕೊಂಗೊ, ಫ್ರಾನ್ಸ್, ಸ್ಪೇನ್‌ಗಳ ಮೂವರು ರಾಜರ ಪ್ರಜೆಯೆಂದು ಹೇಳಿ ನಿರಾಕರಿಸಿದ. ಈ ಉತ್ತರ ಜಾಕೊಬಿನ್ನನದಲ್ಲ, ಹ್ಯಾಮ್ಲೆಟ್‌ನದೂ ಅಲ್ಲ. ದಕ್ಷಿಣದ ಪ್ಲಾತೋ ಬೆಟ್ಟಗಳ ಬಂಡಾಯಗಾರರು 1792ರಲ್ಲಿ ವಾರಕ್ಕೆ ಮೂರು ದಿನ ತಮಗೆಂದೇ ಬಿಡಬೇಕು, ಚಾವಟಿ ನಿಲ್ಲಬೇಕು ಎಂದು ಕೇಳಿದ್ದನ್ನು ಕ್ಯಾರೊಲಿನ್ ಫಿಕ್ ದಾಖಲೆಗಳಿಂದ ಹೆಕ್ಕಿ ತೋರಿಸಿದ್ದಾರೆ. 1802ರಲ್ಲಿ ಟೂಸಾಂ ಸೆರೆಯಾಗಿ, ಅವನ ಸೇನಾನಿಗಳಾದ ದೆಸ್ಸಲಿನ್ ಮತ್ತು ಕ್ರಿಸ್ತೋಫ್ ಫ್ರೆಂಚ್ ಸೇನೆಯಲ್ಲೇ ದುಡಿಯುತ್ತಿದ್ದ ತಿಂಗಳುಗಳಲ್ಲಿ ಯುದ್ಧ ಜೀವಂತವಾಗಿದ್ದುದು ಮಕಾಯಾ, ಸಾಂ ಸೂಸಿಯಂಥ ಬಂಡಾಯ ನಾಯಕರಿಂದ. ಸಾಂ ಸೂಸಿಯನ್ನು ಆಮೇಲೆ ಕೊಂದದ್ದು ಫ್ರೆಂಚರಲ್ಲ, ಕ್ರಿಸ್ತೋಫ್. ದುರಂತವೇ ಬೇಕೆಂದರೆ ಅದು ಇಲ್ಲಿದೆ.

1938ರ ಪುಸ್ತಕವನ್ನು 1990ರ ನಂತರದ ಸಂಶೋಧನೆಯಿಂದ ಅಳೆಯುವುದು ನ್ಯಾಯವೇ ಎಂದು ಕೇಳಬಹುದು. ಜೇಮ್ಸ್ ಬರೆದದ್ದು ಆಫ್ರಿಕಾದ ಬಿಡುಗಡೆಯನ್ನು ಕಣ್ಣಮುಂದಿಟ್ಟುಕೊಂಡು. ಕರಿಯರು ಇತಿಹಾಸ ಕಟ್ಟಬಲ್ಲರೆಂದು ತೋರಿಸಲು ಅಂದು ಒಬ್ಬ ಮಹಾನಾಯಕ ಬೇಕಿದ್ದ. ಒಪ್ಪೋಣ. ಸಣ್ಣಪುಟ್ಟ ನಾಯಕರ ಹೆಸರುಗಳನ್ನು ಅವರು ಕೈಬಿಟ್ಟಿಲ್ಲವೆಂಬುದೂ ನಿಜ. 1971ರ ಉಪನ್ಯಾಸಗಳಲ್ಲಿ ಜೇಮ್ಸ್ ತಾವೇ, ಈಗ ಬರೆದರೆ ಗುಲಾಮರನ್ನೇ ಮುನ್ನೆಲೆಗೆ ತರುತ್ತಿದ್ದೆ ಎಂಬ ಮಾತಾಡಿದರು. ಹಾಗಾಗಿ ಈ ಆಕ್ಷೇಪ ಜೇಮ್ಸ್‌ಗಿಂತ ಹೆಚ್ಚಾಗಿ ಅವರ ಭಕ್ತರಿಗೆ ತಟ್ಟುತ್ತದೆ: ಲೇಖಕ ದಾಟಿ ಹೋದ ಜಾಗದಲ್ಲೇ ಅವರು ಗುಡಿ ಕಟ್ಟಿದ್ದಾರೆ. ಪುಸ್ತಕದ ನಿಜವಾದ ಬಲ ಮೊಯೀಸ್‌ನ ಪ್ರಕರಣದಲ್ಲಿದೆ. ಅಲ್ಲಿ ಜೇಮ್ಸ್ ತಮ್ಮ ನಾಯಕನನ್ನೇ ಕಟಕಟೆಗೆ ಹತ್ತಿಸಿ, ಅಪರಾಧಿಯೆಂದು ಹೇಳುವ ಧೈರ್ಯ ತೋರುತ್ತಾರೆ.