ಬೇಲಿಯಾಚೆಯವರೂ ಸಹೃದಯನೂ

ಪುಸ್ತಕಗಳು ಮನುಷ್ಯನನ್ನು ಮನುಷ್ಯನಿಗೆ ಪರಿಚಯ ಮಾಡಿಕೊಡುತ್ತವೆ ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ನಾವು ಬಹಳ ಸಾರಿ ಕೇಳಿದ್ದೇವೆ. ಮಾತೇನೋ ಸುಳ್ಳಲ್ಲ. ಆದರೆ ಯಾವ ಪುಸ್ತಕ, ಯಾರನ್ನು, ಯಾರಿಗೆ, ಎಷ್ಟರಮಟ್ಟಿಗೆ ಪರಿಚಯ ಮಾಡಿಕೊಡುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬರುವುದಿಲ್ಲ. ದೂರದ ರಷ್ಯದ ರೈತನ ದುಃಖವನ್ನು ಓದಿ ಕಣ್ಣೀರಿಡುವ ಓದುಗನು, ತನ್ನ ಮನೆಗೆ ಬೆಣ್ಣೆ ತಂದುಕೊಡುವ ಹೆಂಗಸಿನ ಹೆಸರನ್ನು ಕೇಳದೆಯೇ ವರುಷಗಳನ್ನು ಕಳೆಯಬಲ್ಲನು. ದೂರದವರ ವಿಷಯದಲ್ಲಿ ಕರುಣೆ ಸುಲಭ. ಹತ್ತಿರದವರ ವಿಷಯದಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ನಾನು ಪಾಠ ಹೇಳುವ ಸೀಮೆ ಈ ಪ್ರಶ್ನೆಯನ್ನು ದಿನವೂ ಎದುರಿಗೆ ತಂದು ನಿಲ್ಲಿಸುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದೇ ಶೈಕ್ಷಣಿಕ ಜಿಲ್ಲೆ. ಮಳೆಯ ಅಭಾವದ ಲೆಕ್ಕದಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದರೆ ಜನಜೀವನದ ಲೆಕ್ಕದಲ್ಲಿ ಇವು ಹತ್ತಾರು ಲೋಕಗಳು. ಮೂರು ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಒಂದು ಕಾಲಕ್ಕೆ ಮೊಗಲರ ಸುಬೆಯ ಕೇಂದ್ರವಾಗಿದ್ದ ಶಿರಾದಲ್ಲಿ ಉರ್ದು ಮಾತಿನ ಬೀದಿಗಳಿವೆ. ಊರಿನಿಂದ ಆಚೆಗೆ, ಮುಳ್ಳಿನ ಬೇಲಿಯ ನಡುವೆ, ಕಾಡುಗೊಲ್ಲರ ಹಟ್ಟಿಗಳಿವೆ. ಈ ಎಲ್ಲ ಕಡೆಯಿಂದ ಬಂದ ಮಕ್ಕಳು ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ. ಒಬ್ಬರ ಮನೆಯ ಒಲೆ ಇನ್ನೊಬ್ಬರಿಗೆ ಗೊತ್ತಿಲ್ಲ.

ಹಟ್ಟಿಯ ಮಾತನ್ನೇ ತೆಗೆದುಕೊಳ್ಳೋಣ. ಪೇಟೆಯ ಓದುಗನಿಗೆ ಕಾಡುಗೊಲ್ಲರು ಗೊತ್ತಿರುವುದು ಬಹುಮಟ್ಟಿಗೆ ಒಂದೇ ಸುದ್ದಿಯಿಂದ: ಮುಟ್ಟಾದ ಹೆಂಗಸನ್ನೂ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ. ಓದಿ ನಾವು ಮರುಗುತ್ತೇವೆ, ಕೋಪಗೊಳ್ಳುತ್ತೇವೆ, ಪುಟ ಮಗುಚುತ್ತೇವೆ. ಇದು ಹೊಸ ಸುದ್ದಿಯೂ ಅಲ್ಲ. ೧೯೦೯ರಲ್ಲಿ ಹೊರಬಂದ ಥರ್ಸ್ಟನ್ ಸಾಹೇಬರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಗೊಲ್ಲರ ವಿಷಯ ಬರೆದಿರುವಲ್ಲಿ ಈ ಪದ್ಧತಿಯ ಪ್ರಸ್ತಾಪವಿದೆ. ಹಾಗಾದರೆ ನೂರು ವರ್ಷಕ್ಕೂ ಮೇಲ್ಪಟ್ಟು ಅಚ್ಚಿನ ಲೋಕ ಇದನ್ನು ಬಲ್ಲದು. ಅಷ್ಟು ಕಾಲದ ತಿಳಿವಳಿಕೆ ಬೇಲಿಯ ಈಚೆಯವರನ್ನೂ ಆಚೆಯವರನ್ನೂ ಎಷ್ಟು ಹತ್ತಿರ ತಂದಿತು?

ನನ್ನ ಅಭಿಪ್ರಾಯದಲ್ಲಿ, ಬಹಳ ಇಲ್ಲ. ಕಾರಣ ಆ ಬರಹದಲ್ಲಿ ತಪ್ಪಿದೆ ಎಂದಲ್ಲ. ಅಲ್ಲಿ ಯಾರೂ ಮಾತನಾಡುವುದಿಲ್ಲ. ಗೊಲ್ಲರನ್ನು ಕುರಿತು ಎಲ್ಲವನ್ನೂ ಹೇಳಲಾಗಿದೆ, ಗೊಲ್ಲರು ಏನನ್ನೂ ಹೇಳಿಲ್ಲ. ದಾಖಲೆಯ ಪುಸ್ತಕಕ್ಕೆ ಅದರ ಉಪಯೋಗವಿದೆ. ಆದರೆ ಅದರಿಂದ ದೊರಕುವುದು ಮಾಹಿತಿ. ಪರಿಚಯ ಎಂಬುದಕ್ಕೆ ಎರಡು ಬಾಯಿ ಬೇಕು. ಪರರನ್ನು ಅರಿಯುವುದಕ್ಕೆ ಒಂದು ಪುಸ್ತಕ ನೆರವಾಯಿತೇ ಇಲ್ಲವೇ ಎಂದು ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೆ: ಇದರಲ್ಲಿ ವರ್ಣಿತನಾದವನಿಗೆ ಎದುರು ಮಾತನಾಡುವ ಅವಕಾಶವಿದೆಯೆ?

ಆ ಅವಕಾಶವಿರುವ ಪುಸ್ತಕಗಳು ನಮ್ಮಲ್ಲಿಯೇ ಇವೆ. ಕಾಡುಗೊಲ್ಲರ ಆರಾಧ್ಯ ವೀರ ಜುಂಜಪ್ಪ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಆತನ ಭಕ್ತರಿಗೆ ಪುಣ್ಯಸ್ಥಳ. ಆತನ ದೀರ್ಘ ಕಾವ್ಯವನ್ನು ಜನ ಬಾಯಿಂದ ಬಾಯಿಗೆ ಹಾಡಿಕೊಂಡು ಬಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಅಚ್ಚಿಗೆ ತಂದಿದೆ. ಅದನ್ನು ಓದಿದವನಿಗೆ ಹಟ್ಟಿ ಮೊದಲಿನ ಹಾಗೆ ಕಾಣುವುದಿಲ್ಲ. ದನವೇ ಸಂಪತ್ತು, ದನವೇ ಮಾನ. ಬಡಮೈಲನೆಂಬ ಹೋರಿ ನಾಯಕನಷ್ಟೇ ದೊಡ್ಡ ಪಾತ್ರ. ಗಣೆ ಎಂಬ ಉದ್ದನೆಯ ಬಿದಿರ ಕೊಳಲು ಬರಿಯ ವಾದ್ಯವಲ್ಲ, ದೇವರ ವಸ್ತು. ಪೇಟೆಯವನು ಬಡತನವೆಂದು ಕಂಡು ಮರುಗಿದ ಕಡೆಯಲ್ಲಿ ಹಾಡುಗಾರನು ಐಶ್ವರ್ಯವನ್ನು ಎಣಿಸುತ್ತಿದ್ದಾನೆ. ನಮ್ಮ ಮರುಕವನ್ನು ಆತ ಕೇಳಿಯೇ ಇಲ್ಲವೆಂದು ತಿಳಿದಾಗ ಓದುಗನಿಗೆ ಸ್ವಲ್ಪ ಸಂಕೋಚವಾಗುತ್ತದೆ. ಆ ಸಂಕೋಚ ಒಳ್ಳೆಯದು. ಪರಿಚಯ ಅಲ್ಲಿಂದ ಆರಂಭ.

ಶಿರಾ, ಪಾವಗಡಗಳ ಗಡಿ ದಾಟಿದರೆ ಚಿತ್ರದುರ್ಗ ಜಿಲ್ಲೆ. ಅಲ್ಲಿನ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವರಲ್ಲ. ಅವರು ನೆನಪಿನಿಂದ ಹಾಡಿದ ಪದಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಕೊಟ್ಟರು. ಥರ್ಸ್ಟನ್ನರ ಪುಟಗಳಲ್ಲಿ ಗುಡಿಸಲಿನೊಳಗೆ ಮೌನವಾಗಿದ್ದ ಹೆಣ್ಣಿಗೆ ಇಲ್ಲಿ ಕಂಠವಿದೆ, ಹಾಸ್ಯವಿದೆ, ದೇವರೊಡನೆ ಸಲಿಗೆಯಿದೆ. ಸಂಗ್ರಹಕಾರರ ದೊಡ್ಡ ಗುಣವೆಂದರೆ ಅಜ್ಜಿ ಮುಂದೆ ನಿಂತು ತಾವು ಹಿಂದೆ ಸರಿದದ್ದು.

ಹಾಡಿನ ಮಾತಾಯಿತು, ಕಥೆ ಬರೆಯುವವರು ಏನು ಮಾಡಬಲ್ಲರು? ಮಾಸ್ತಿಯವರ ‘ಮೊಸರಿನ ಮಂಗಮ್ಮ’ ನಮಗೆಲ್ಲ ಪರಿಚಿತವಾದ ಕಥೆ. ಹಳ್ಳಿಯಿಂದ ಮೊಸರು ತರುವ ಮುದುಕಿ, ಮೊಸರು ಕೊಳ್ಳುವ ಗೃಹಿಣಿ. ಮೊಮ್ಮಗನಿಗೆ ಬಿದ್ದ ಏಟಿನಿಂದ ಹುಟ್ಟಿದ ಅತ್ತೆ ಸೊಸೆಯರ ಜಗಳ. ಇದನ್ನು ಸಾಮಾನ್ಯವಾಗಿ ಅತ್ತೆ ಸೊಸೆಯರ ಕಥೆಯೆಂದೇ ಪಾಠ ಮಾಡುತ್ತೇವೆ. ತರಗತಿಯಲ್ಲಿ ಇದನ್ನು ಓದಿ ಮುಗಿಸಿದ ಮೇಲೆ ಹಟ್ಟಿಯಿಂದ ಬರುವ ಒಬ್ಬ ಹುಡುಗ ಎದ್ದು ಹೇಳಿದ: “ನಮ್ಮಜ್ಜಿನೂ ಪ್ಯಾಟೆ ಮನೆಗಳಿಗೆ ತುಪ್ಪ ತರ್ತಿದ್ಲು ಸಾರ್. ಕೂರಿಸ್ಕಂಡು ಇಷ್ಟು ಮಾತಾಡ್ಸಿದೋರು ಯಾರೂ ಇಲ್ಲ.” ಈ ಮಾತು ಕಥೆಯ ಮರ್ಮವನ್ನು ನನ್ನ ಟಿಪ್ಪಣಿಗಿಂತ ಚೆನ್ನಾಗಿ ಹಿಡಿದಿತ್ತು. ಕಥೆಯ ಘಟನೆಗಳೆಲ್ಲ ನಡೆಯುವುದು ಮಂಗಮ್ಮನ ಮನೆಯಲ್ಲಿ. ಆದರೆ ಕಥೆ ಸಾಧ್ಯವಾದದ್ದು ಪಟ್ಟಣದ ಆ ಗೃಹಿಣಿ ಮೊಸರು ಅಳೆಸಿಕೊಂಡು ಬಾಗಿಲು ಹಾಕಿಕೊಳ್ಳದೆ ಇದ್ದುದರಿಂದ. ಮಂಗಮ್ಮನ ಸಂಕಟದಲ್ಲಿ ಆಕೆ ತನ್ನ ಮನೆಯ ಸಂಕಟವನ್ನೂ ಕಾಣುತ್ತಾಳೆ. ಆದರೂ ಮಂಗಮ್ಮ ಮಂಗಮ್ಮನಾಗಿಯೇ ಉಳಿಯುತ್ತಾಳೆ; ಮುದುಕಿ ಮಖಮಲ್ಲಿನ ಜಾಕೀಟು ತೊಟ್ಟು ಬಂದಾಗ ಮಾಸ್ತಿ ಅವಳನ್ನು ಗೇಲಿ ಮಾಡುವುದಿಲ್ಲ, ತಿದ್ದುವುದೂ ಇಲ್ಲ.

ದೇವನೂರ ಮಹಾದೇವರ ‘ಒಡಲಾಳ’ ಇನ್ನೂ ಕಠಿನವಾದ ಪರೀಕ್ಷೆ. ಸಾಕವ್ವನ ಮನೆಯ ಮಂದಿ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿನ್ನುತ್ತಾರೆ. ಪೊಲೀಸರು ಬರುವ ಹೊತ್ತಿಗೆ ಕಳವಿನ ಗುರುತು ಉಳಿದಿರುವುದಿಲ್ಲ. ಪಾವಗಡದ ಕಡೆ ಇದನ್ನು ಓದುವುದು ಬೇರೆಯೇ ಅನುಭವ. ಅಲ್ಲಿ ಕಡಲೆಕಾಯಿ ಎಂದರೆ ವರ್ಷದ ಬಾಳು. ಮಳೆ ಕೈಕೊಟ್ಟ ಸಾಲಿನಲ್ಲಿ ಒಂದು ಮೂಟೆ ಹೋದರೆ ಏನಾಗುತ್ತದೆ ಎಂಬುದನ್ನು ಬೆಳೆಗಾರನ ಮಗ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಅವನು ಸಾಹುಕಾರನ ಪಕ್ಷ ವಹಿಸಬೇಕು, ನ್ಯಾಯವಾಗಿ. ಆದರೆ ಒಲೆಯ ಸುತ್ತ ಕೂತು ತಿನ್ನುವ ಆ ಮಂದಿಯ ನಡುವೆ ಅವನೂ ಕೂತುಬಿಡುತ್ತಾನೆ. ಅವರ ಸಂತೋಷ ಅವನದೂ ಆಗುತ್ತದೆ. ಲೇಖಕರು ಅವರ ಪರವಾಗಿ ವಾದ ಮಾಡಿದ್ದರೆ ಹೀಗಾಗುತ್ತಿರಲಿಲ್ಲ. ಹಸಿವಿನ ಮೇಲೆ ಒಂದು ಪುಟ ಉಪನ್ಯಾಸವಿದ್ದಿದ್ದರೆ ನಮ್ಮ ಕೈಯಲ್ಲಿ ಕರುಣೆಯೊಂದು ಉಳಿಯುತ್ತಿತ್ತು, ಕಡಲೆಕಾಯಿ ಉಳಿಯುತ್ತಿರಲಿಲ್ಲ.

ನಮ್ಮ ಕಾವ್ಯಮೀಮಾಂಸೆ ಇಂಥ ಓದುಗನನ್ನು ಸಹೃದಯನೆಂದು ಕರೆಯಿತು. ಇದೇ ತುಮಕೂರು ಜಿಲ್ಲೆಯ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ೧೯೫೩ರಲ್ಲಿ ಪ್ರಕಟವಾದ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಆ ವಿಚಾರವನ್ನು ಕನ್ನಡಿಗರಿಗೆ ತಿಳಿಯಾಗಿ ಬಿಡಿಸಿಟ್ಟರು. ಕಾವ್ಯದ ಭಾವ ಇಂಥವನದು ಎಂಬ ಗಡಿಯನ್ನು ಕಳೆದುಕೊಂಡು ಎಲ್ಲರದಾಗುತ್ತದೆ, ಅದು ಸಾಧಾರಣೀಕರಣ. ರಸಾನುಭವದ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ. ಆದರೆ ನೆರೆಯವನನ್ನು ಅರಿಯುವ ವಿಷಯಕ್ಕೆ ಬಂದಾಗ ಇದರ ಜೊತೆಗೆ ಇನ್ನೊಂದು ಮಾತನ್ನು ಸೇರಿಸಬೇಕೆನಿಸುತ್ತದೆ. ‘ಅವರೂ ನಮ್ಮಂತೆಯೇ’ ಎಂಬುದು ಅರ್ಧ ಅರಿವು. ಅಷ್ಟಕ್ಕೇ ನಿಂತರೆ ನಮಗೆ ಸಿಕ್ಕುವುದು ನಮ್ಮದೇ ಪ್ರತಿಬಿಂಬ. ಒಳ್ಳೆಯ ಪುಸ್ತಕ ನಮ್ಮನ್ನು ಹತ್ತಿರ ಕರೆದು, ಬಳಿಕ ‘ಇವರು ನೀನಲ್ಲ’ ಎಂದೂ ತಿಳಿಸುತ್ತದೆ. ಅತಿಥಿಯಾದವನು ಮನೆಯೊಳಕ್ಕೆ ಬರಬಹುದು, ಪೆಟ್ಟಿಗೆಗಳನ್ನು ತೆರೆಯಬಾರದು.

ಹೀಗೆಂದರೆ ಕೆಲವರು ಆಕ್ಷೇಪಿಸಬಹುದು: ಹಟ್ಟಿಯನ್ನು ಇಷ್ಟು ಗೌರವದಿಂದ ಅರಿಯಹೊರಟರೆ ಹೊರಗಿನ ಆ ಗುಡಿಸಲನ್ನೂ ಒಪ್ಪಿಕೊಂಡಂತಾಗಲಿಲ್ಲವೇ? ಖಂಡಿತ ಇಲ್ಲ. ಅರಿವು ಬೇರೆ, ಒಪ್ಪಿಗೆ ಬೇರೆ. ಮುಟ್ಟಾದವರನ್ನೂ ಬಸುರಿಯರನ್ನೂ ಬಲವಂತವಾಗಿ ಊರಿನಿಂದ ಬೇರೆ ಇರಿಸುವುದನ್ನು ಕರ್ನಾಟಕದ ೨೦೧೭ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ಅಪರಾಧವೆಂದು ಸಾರಿದೆ, ಸಾರಬೇಕಾದದ್ದೇ. ಚಳಿಯಲ್ಲಿ ಹಸುಗೂಸನ್ನು ಹೊರಗಿಡುವುದಕ್ಕೆ ಯಾವ ಕಾವ್ಯವೂ ಸಮರ್ಥನೆಯಾಗಲಾರದು. ಆದರೆ ಕಾಯ್ದೆ ಬೇಲಿಯ ಹೊರಗಿನಿಂದ ಮಾತನಾಡುತ್ತದೆ. ದೇವರಿಗೆ ಮೈಲಿಗೆಯಾದೀತೆಂದು ನಡುಗುವ ಹಿರಿಯಳಿಗೆ ಆಕೆಯ ದೇವರ ಹೆಸರನ್ನೇ ಅರಿಯದವನು ಏನು ಹೇಳಬಲ್ಲ? ಗುಡಿಸಲನ್ನು ಮಾತ್ರ ಬಲ್ಲವನು ಛೀಮಾರಿ ಹಾಕಬಲ್ಲ. ಜುಂಜಪ್ಪನನ್ನೂ ಬಲ್ಲವನೊಡನೆ ಹಟ್ಟಿ ವಾದಕ್ಕಾದರೂ ಕುಳಿತೀತು. ಹಾಗೆ ಕುಳಿತು ವಾದಿಸಲು ಎಲ್ಲರಿಗಿಂತ ಸಮರ್ಥಳಾದವಳು ಕಾಲೇಜಿಗೆ ಬರುತ್ತಿರುವ ಹಟ್ಟಿಯ ಹುಡುಗಿ.

ಆ ಹುಡುಗಿಯ ಕಡೆಯಿಂದಲೂ ಈ ಪ್ರಶ್ನೆಯನ್ನು ನೋಡಬೇಕು. ‘ಪರರನ್ನು ಅರಿಯುವ ಪುಸ್ತಕ’ ಎನ್ನುವಾಗ ಓದುವವರು ನಾವು, ಪರರು ಆಕೆ ಎಂದು ಊಹಿಸಿಬಿಡುತ್ತೇವೆ. ಆಕೆ ಒಂದನೆಯ ತರಗತಿಯಿಂದಲೂ ಓದಿದ್ದು ನಮ್ಮ ಮನೆಗಳನ್ನು, ನಮ್ಮ ಹಬ್ಬಗಳನ್ನು, ನಮ್ಮ ಕನ್ನಡವನ್ನು. ಇನ್ನೊಬ್ಬರನ್ನು ಅರಿಯುವ ಶ್ರಮವನ್ನು ಆಕೆ ಹದಿನೈದು ವರ್ಷ ಮಾಡಿದ್ದಾಳೆ. ಬೇಲಿಯ ಈಚೆಯವರು ಈಗ ತಮ್ಮ ಪಾಲನ್ನು ಆರಂಭಿಸಬೇಕಾಗಿದೆ.

ಅದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಮಂಗಮ್ಮ ಇರುವ ಕಪಾಟಿನಲ್ಲಿ ಸಿರಿಯಜ್ಜಿಗೂ ಜುಂಜಪ್ಪನಿಗೂ ಸ್ಥಳವಿರಲಿ. ವಾರಕ್ಕೆ ಒಂದು ಗಂಟೆ ಅವನ್ನು ಗಟ್ಟಿಯಾಗಿ ಓದಲಿ. ಎಂ.ಎ. ಮಾಡಿದ ಅಧ್ಯಾಪಕನಿಗೂ ಅರ್ಥವಾಗದ ಮಾತು ಅಲ್ಲಿ ಸಾಲುಸಾಲಿಗೂ ಬರುತ್ತದೆ. ಆಗ ಹಿಂದಿನ ಬೆಂಚಿನ ಹಟ್ಟಿಯ ಹುಡುಗಿಯನ್ನು ಕೇಳಬೇಕು, ಆಕೆ ಹೇಳುವುದನ್ನು ಉಳಿದವರು ಬರೆದುಕೊಳ್ಳಬೇಕು.