ಒಂದೇ ತಟ್ಟೆ, ಮೂರು ನಿಮಿಷ

ಮೊದಲು ಒಂದೇ ಒಂದು ತಟ್ಟೆ ಆರಿಸಿಕೊಳ್ಳಿ. ಹತ್ತು ಬೇಡ, ಎರಡೂ ಬೇಡ. ಹಳೆಯ 78 ಆರ್‌ಪಿಎಂ ರೆಕಾರ್ಡುಗಳಲ್ಲಿರುವ ಹಿಂದುಸ್ತಾನಿ ಗಾಯನವನ್ನು ಸವಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವ ಎಳೆಯರಿಗೆ ನಾನು ಹೇಳುವ ಮೊದಲ ಮಾತು ಇದು. ಫೋನಿನಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಮತ್ತೊಂದು ತಾನಾಗಿ ಶುರುವಾಗುವ ಈ ಹೊತ್ತಿನಲ್ಲಿ ಇದು ಸುಲಭವಲ್ಲ. ಆದರೆ ಆ ತಟ್ಟೆಗಳನ್ನು ಮೊದಲು ಕೊಂಡ ಎಷ್ಟೋ ಮನೆಗಳಲ್ಲಿ ಅವು ಇದ್ದದ್ದೇ ನಾಲ್ಕೋ ಆರೋ. ದೀಪಾವಳಿಗೆ ಒಂದು, ಮಗನಿಗೆ ನೌಕರಿ ಸಿಕ್ಕಾಗ ಇನ್ನೊಂದು, ಹೀಗೆ ವರ್ಷಗಟ್ಟಲೆ ಕೂಡಿದವು. ಬೀಗರು ಬಂದರೂ ಅದೇ ಹಾಡು, ಮಳೆ ಹಿಡಿದ ಸಂಜೆಗೂ ಅದೇ ಹಾಡು. ಎಲ್ಲಿ ದನಿ ಏರುತ್ತದೆ, ಎಲ್ಲಿ ತಬಲಾ ತುಸು ಮುಂದೋಡುತ್ತದೆ, ಎಲ್ಲಿ ಮುಳ್ಳು ಗೀರಿಗೆ ಎಡವುತ್ತದೆ ಎಂಬುದೆಲ್ಲ ಅಡಿಗೆಮನೆಯಲ್ಲಿದ್ದವರಿಗೂ ಬಾಯಿಪಾಠ. ಆ ಕಾಲದ ಕಿವಿಗಳು ಪಳಗಿದ್ದು ಹಾಗೆ.

ಮೊದಲ ಸಲ ಹಾಕಿದಾಗ ನಿಮಗೆ ಕೇಳಿಸುವುದು ಗದ್ದಲ. ಬಾಣಲೆಯಲ್ಲಿ ಏನೋ ಹುರಿಯುತ್ತಿರುವಂತೆ ಒಂದೇ ಸಮನೆ ಚರಚರ ಸದ್ದು, ಅದರ ಹಿಂದೆಲ್ಲೋ ಸಣ್ಣದೊಂದು ದನಿ. ನಾನು ಸ್ವಂತ ದುಡ್ಡು ಕೊಟ್ಟು ತಂದ ಮೊದಲ ಕ್ಯಾಸೆಟ್ಟು ಅಬ್ದುಲ್ ಕರೀಂ ಖಾನರ ಹಳೆಯ ರೆಕಾರ್ಡುಗಳದು. ಒಂದು ಮಗ್ಗುಲು ಪೂರ್ತಿ ಕೇಳುವ ಮುಂಚೆಯೇ, ಕೆಟ್ಟ ಕ್ಯಾಸೆಟ್ಟು ಕೊಟ್ಟಿದ್ದಾರೆಂದು ತಿರುಗಿ ಕೊಡಲು ಹೊರಟಿದ್ದೆ. ನಮ್ಮ ಓಣಿಯ ಹಿರಿಯರೊಬ್ಬರು ತಡೆದು ಕೂರಿಸಿದರು. ಅವರ ಮನೆಯಲ್ಲಿ ಕೀಲಿ ಕೊಡುವ ಗ್ರಾಮಾಫೋನು ಇನ್ನೂ ಇತ್ತು. "ಸುಮ್ನ ಕೂಡು ತಮ್ಮಾ. ಗದ್ದಲ ಪ್ಲೇಟಿಂದು, ಹಾಡು ಖಾನಸಾಹೇಬ್ರದು. ನಿನಗ ಯಾವುದು ಬೇಕೋ ಅದನ್ನ ಕೇಳು" ಅಂದರು. ನನಗೆ ಸಿಕ್ಕ ಮೊದಲ ಪಾಠ ಅದು. ಇವತ್ತಿಗೂ ಅದಕ್ಕಿಂತ ಒಳ್ಳೆಯದನ್ನು ಬೇರೆಯವರಿಗೆ ಹೇಳಿಕೊಡಲು ನನ್ನಿಂದಾಗಿಲ್ಲ.

ಗದ್ದಲ ಎಲ್ಲಿಂದ ಬರುತ್ತದೆ ಎಂದು ಗೊತ್ತಾದರೆ ಅದನ್ನು ಬದಿಗಿಡುವುದು ಸುಲಭ. ಆ ತಟ್ಟೆಗಳನ್ನು ಮಾಡುತ್ತಿದ್ದುದು ಅರಗಿನಿಂದ, ನಮ್ಮದೇ ಕಾಡುಗಳ ಮರಗಳಲ್ಲಿ ಹುಳುಗಳು ಸುರಿಸುವ ಅರಗಿನಿಂದ. ಅದಕ್ಕೆ ನುಣ್ಣಗೆ ಅರೆದ ಕಲ್ಲಿನ ಪುಡಿ ಮತ್ತು ಕಾಡಿಗೆ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಆ ಕಲ್ಲುಪುಡಿಯ ದಾರಿಯಲ್ಲಿ ತನ್ನನ್ನು ತಾನೇ ಸವೆಸಿಕೊಂಡು ಓಡಬೇಕು. ಅದಕ್ಕೇ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕಿತ್ತು. ಸವೆದ ಮುಳ್ಳಿನಲ್ಲೇ ಹಾಕಿದ ಮನೆಗಳ ತಟ್ಟೆಗಳು ಬೇಗ ಬಿಳಿಚಿಕೊಂಡವು. ಈಗ ಅಂತರ್ಜಾಲದಲ್ಲಿ ಗದ್ದಲ ಪೂರ್ತಿ ತೊಳೆದಿಟ್ಟ ಪ್ರತಿಗಳೂ ಸಿಗುತ್ತವೆ. ಅವು ಬೇಡ. ಚರಚರವನ್ನು ತೆಗೆಯುವಾಗ ಅದೇ ಎತ್ತರದಲ್ಲಿರುವ ತಂಬೂರಿಯ ಝೇಂಕಾರ, ಸಾರಂಗಿಯ ಅಂಚು, ದನಿಯ ಹೊಳಪು ಎಲ್ಲ ಕೂಡಿಯೇ ಹೋಗುತ್ತವೆ. ಉಳಿಯುವುದು ಕಂಬಳಿ ಹೊದೆದು ಹಾಡಿದಂಥ ದನಿ. ಗದ್ದಲವಿರುವ ಪ್ರತಿಯನ್ನೇ ಹುಡುಕಿ. ಐದಾರು ಸಲ ಕೇಳಿದ ಮೇಲೆ ಮಳೆಯಲ್ಲಿ ಪಕ್ಕದವರ ಮಾತು ಕೇಳಿಸುವಂತೆ ಅದರ ನಡುವಿನಿಂದ ಹಾಡು ತಾನೇ ಎದ್ದು ಬರುತ್ತದೆ.

ಇನ್ನು ಮೂರು ನಿಮಿಷದ ಮಾತು. ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು, ಮೂರೂಕಾಲು ನಿಮಿಷ. ಹನ್ನೆರಡು ಇಂಚಿನದಾದರೆ ನಾಲ್ಕು ಚಿಲ್ಲರೆ. ಬೈಠಕ್ಕಿನಲ್ಲಿ ಒಂದು ಬಡಾ ಖಯಾಲಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುವವರು ನಿಮಿಷಕ್ಕೆ 78 ಸುತ್ತಿನ ಲೆಕ್ಕದಲ್ಲಿ 234 ಸುತ್ತು ಮುಗಿಯುವುದರೊಳಗೆ ರಾಗವನ್ನು ನಿಲ್ಲಿಸಿ, ಬೆಳೆಸಿ, ಮುಗಿಸಬೇಕು. ಇದನ್ನು ಖಯಾಲಿನ ಸಂಕ್ಷೇಪ ಎಂದು ಕೆಲವರು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ವಚನವನ್ನು ಯಾರೂ ಮಹಾಕಾವ್ಯದ ಸಾರಾಂಶ ಎನ್ನುವುದಿಲ್ಲವಲ್ಲ! ಅದು ಬೇರೆ ಕಟ್ಟಡ, ಬೇರೆ ಉಸಿರು. ದೊಡ್ಡ ಗಾಯಕರು ಈ ಇಕ್ಕಟ್ಟಿನಲ್ಲಿ ಮಾಡಿದ್ದು ಆಯ್ಕೆ. ವಿಲಂಬಿತವನ್ನು ಬಿಟ್ಟು ಮಧ್ಯಲಯ ಹಿಡಿದರು. ರಾಗದ ಹತ್ತು ಮುಖಗಳಲ್ಲಿ ಎರಡನ್ನು ಆರಿಸಿದರು. ಆಲಾಪಕ್ಕೆ ಸಿಗುವ ಹತ್ತು ಹನ್ನೆರಡು ಸೆಕೆಂಡಿನಲ್ಲೇ ಇದು ಇಂಥ ರಾಗ ಎಂದು ಸಾರಿಬಿಡುವ ಸ್ವರಗಳನ್ನಷ್ಟೇ ಇಟ್ಟರು. ಬೈಠಕ್ಕಿನಲ್ಲಿ ತಪ್ಪಿದರೆ ಮುಂದಿನ ಆವರ್ತನದಲ್ಲಿ ಸರಿಮಾಡಿಕೊಳ್ಳಬಹುದು. ಇಲ್ಲಿ ತಪ್ಪಿದ್ದು ಅರಗಿನಲ್ಲಿ ಅಚ್ಚಾಗಿಬಿಡುತ್ತದೆ.

ಈ ಶಿಸ್ತು ನಮ್ಮಲ್ಲಿ ಮೊದಲಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮಾಫೋನ್ ಕಂಪನಿಯ ತಂತ್ರಜ್ಞ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಆಕೆಯ ತಟ್ಟೆ ಕೇಳಿದರೆ ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುವುದು ಕೇಳಿಸುತ್ತದೆ. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೊವರಿನಲ್ಲಿ. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ಗೊತ್ತಾಗಲಿ ಎಂದು ಆ ಕೂಗು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಬಂತು. ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ್ 1928ರಲ್ಲಿ ಅವರನ್ನು ಆಸ್ಥಾನಕ್ಕೆ ಸೇರಿಸಿಕೊಂಡರು. 1930ರ ಜನವರಿಯಲ್ಲಿ ಅವರು ತೀರಿಕೊಂಡದ್ದೂ ಮೈಸೂರಿನಲ್ಲೇ. ಆ ಕೂಗನ್ನು ಕೇಳುವಾಗಲೆಲ್ಲ ನನಗೆ ಮೈಸೂರಿನ ಆ ಕೊನೆಯ ದಿನಗಳು ನೆನಪಾಗುತ್ತವೆ.

ಆ ಮೊದಲ ಕಾಲದಲ್ಲಿ ಮೈಕು ಇರಲಿಲ್ಲ. ಗಾಯಕರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು, ದನಿಯ ಬಲದಿಂದಲೇ ಮುಳ್ಳು ಅಲುಗಿ ಮೇಣದಲ್ಲಿ ಗೆರೆ ಕೊರೆಯಬೇಕು. ಆಗ್ರಾದ ಜೋಹ್ರಾಬಾಯಿಯ ತಟ್ಟೆಗಳನ್ನು ಕೇಳಿದರೆ ಆ ಕಹಳೆಗೆ ತಕ್ಕ ದನಿ ಎಂಥದೆಂದು ತಿಳಿಯುತ್ತದೆ. ಎಲ್ಲೂ ಅಳುಕಿಲ್ಲ, ಒಂದು ತಾನೂ ಮಸುಕಿಲ್ಲ. 1925ರ ಹೊತ್ತಿಗೆ ವಿದ್ಯುತ್ ಮುದ್ರಣ ಬಂದ ಮೇಲೆ ಮೆಲುದನಿಗೂ ತಟ್ಟೆಯಲ್ಲಿ ಜಾಗ ಸಿಕ್ಕಿತು. ಹೊಸಬರು ಮೈಕು ಬಂದ ಮೇಲಿನ ತಟ್ಟೆಯಿಂದ ಶುರು ಮಾಡುವುದು ಒಳ್ಳೆಯದು. ಯಾವುದು ಎಂದು ಒತ್ತಾಯಿಸಿದರೆ ನಾನು ಕೊಡುವುದು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿ.

ಖಾನಸಾಹೇಬರು ಉತ್ತರದ ಕೈರಾನಾದವರು, ನೆಲೆ ನಿಂತದ್ದು ಮೀರಜಿನಲ್ಲಿ. ಮೈಸೂರಿನ ಅರಮನೆಗೂ ಧಾರವಾಡ ಹುಬ್ಬಳ್ಳಿಯ ಮನೆಗಳಿಗೂ ಬಂದು ಹೋಗುತ್ತಿದ್ದವರು. ದಕ್ಷಿಣಾದಿಯನ್ನು ಮನಸ್ಸಿಟ್ಟು ಕೇಳಿದವರು, ತ್ಯಾಗರಾಜರ ಕೃತಿಯನ್ನೂ ತಟ್ಟೆಗೆ ಹಾಡಿದವರು. ಈ ಠುಮ್ರಿಯನ್ನು ಮೊದಲ ಸಲ ಸುಮ್ಮನೆ ಕೇಳಿ, ಅರ್ಥ ಹುಡುಕಬೇಡಿ. ಎರಡನೆಯ ಸಲ ಮುಖಡಾವನ್ನು ಹಿಡಿಯಿರಿ. ಚೀಜಿನ ಆ ಮೊದಲ ತುಣುಕಿಗೆ ಅವರು ಎಷ್ಟು ಸಲ ಮರಳುತ್ತಾರೆ ಎಂದು ಬೆರಳು ಮಡಚಿ ಎಣಿಸಿ. ಪ್ರತಿ ಸಲವೂ ಬೇರೆ ಬೇರೆ ದಾರಿಯಿಂದ ಬಂದಿರುತ್ತಾರೆ. ಅದು ಕಿವಿಗೆ ಬಿದ್ದ ದಿನ ನೀವು ಅರ್ಧ ದಾರಿ ಬಂದಂತೆ. ಆಮೇಲೆ ಝಿಂಝೋಟಿಯ ಗುರುತು ಹಿಡಿಯಿರಿ. ಮಂದ್ರದ ಧೈವತದಿಂದ ಹೊರಟು ಸ, ರಿ ಮುಟ್ಟಿ, ಮಧ್ಯಮಕ್ಕೆ ಹೋಗಿ ಗಾಂಧಾರಕ್ಕೆ ಇಳಿಯುವ ಒಂದು ನಡೆ ಈ ರಾಗದ ಉಸಿರು. ನೀವೇ ಗುನುಗಿ ನೋಡಿ, ತಪ್ಪಾದರೂ ಚಿಂತೆಯಿಲ್ಲ. ಗಂಟಲಿಗೆ ಒಮ್ಮೆ ಬಂದದ್ದನ್ನು ಕಿವಿ ಬಿಟ್ಟುಕೊಡುವುದಿಲ್ಲ.

ಕೊನೆಯದಾಗಿ ದನಿಯನ್ನೇ ಕೇಳಿ. ಸಣ್ಣ ದನಿ, ಎತ್ತರದ ಶ್ರುತಿ. ಸ್ವರವನ್ನು ಗುರಿಯಿಟ್ಟು ಹೊಡೆಯುವುದಿಲ್ಲ, ಅದರ ಸುತ್ತ ಸುಳಿದು ಮೆಲ್ಲಗೆ ಒಳಗೆ ಇಳಿಯುತ್ತಾರೆ. ಒಳಗೆ ಇಳಿದ ಮೇಲೆ ದನಿಗೂ ತಂಬೂರಿಗೂ ನಡುವೆ ಕೂದಲಿನ ಸಂದೂ ಇಲ್ಲ. ಖಾನಸಾಹೇಬರ ಕಿರಾಣಾ ಘರಾಣೆಯವರು ಸುರ್ ಎಂದು ಕಣ್ಣು ಮುಚ್ಚುತ್ತಾರಲ್ಲ, ಅದು ಇದು. ಗದಗಿನ ಬಾಲಕ ಭೀಮಸೇನ ಜೋಶಿಯನ್ನು ಹಿಡಿದದ್ದೂ ಇದೇ ತಟ್ಟೆ. ಚಿಕ್ಕಂದಿನಲ್ಲಿ ಈ ಠುಮ್ರಿಯ ರೆಕಾರ್ಡು ಕೇಳಿ ಹೀಗೆ ಹಾಡಬೇಕೆಂಬ ಹಟ ಹುಟ್ಟಿತು ಎಂದು ಅವರು ದೊಡ್ಡವರಾದ ಮೇಲೂ ಹೇಳುತ್ತಿದ್ದರು. ಭಜನೆಯ ಮೇಳ ಕಂಡರೆ ಬೆನ್ನು ಹತ್ತಿ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದ ಹುಡುಗ ಅವರು. ಸಿಕ್ಕವರು ಮನೆಗೆ ಮುಟ್ಟಿಸಲಿ ಎಂದು ತಂದೆ ಅಂಗಿಯ ಮೇಲೆ ಜೋಶಿ ಮಾಸ್ತರ ಮಗ ಎಂದು ಬರೆಸಿದ್ದರು. 1933ರಲ್ಲಿ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಉತ್ತರವನ್ನೆಲ್ಲ ಅಲೆದು ಬಂದ ಮೇಲೆ ಗುರು ಸಿಕ್ಕಿದ್ದು ಮನೆಯ ಹತ್ತಿರವೇ, ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ತಟ್ಟೆಯಲ್ಲಿ ಹಾಡಿದ್ದ ಖಾನಸಾಹೇಬರ ಶಿಷ್ಯರು.

ಹೀಗೆ ತಟ್ಟೆ ಕೇಳಿ ಬೆಳೆದ ಮಕ್ಕಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಮೊದಲ ರೆಕಾರ್ಡು ಕೊಂಡವರಿಗಿಂತ ಹೆಚ್ಚು ಪಡೆದವರು, ಕೊಳ್ಳಲಾಗದೆ ಹೊರಗೆ ನಿಂತು ಕೇಳಿದವರು. ಧಾರವಾಡದಲ್ಲಿ ಗಂಗೂಬಾಯಿ ಎಂಬ ಹುಡುಗಿ ಗ್ರಾಮಾಫೋನಿನ ದನಿ ಕೇಳಿಸಿದರೆ ಬೀದಿಗೆ ಓಡುತ್ತಿದ್ದಳು, ಮನೆಗೆ ಬಂದು ಅದನ್ನೇ ಹಾಡಿ ನೋಡುತ್ತಿದ್ದಳು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ, ಮಗಳ ಮನಸ್ಸು ಬೀದಿಯ ಹಿಂದುಸ್ತಾನಿಯತ್ತ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕನಂತೂ ಉಸ್ತಾದರ ರೆಕಾರ್ಡುಗಳನ್ನು ತಾನ, ಮುರಕಿ ಸಹಿತ ಇಡಿಯಾಗಿ ಒಪ್ಪಿಸುತ್ತಿದ್ದ. ಅದನ್ನು ಕೇಳಿ ಬೆರಗಾದ ಸ್ವಾಮೀಜಿಯೊಬ್ಬರು ಕುಮಾರ ಗಂಧರ್ವ ಎಂದು ಕರೆದರು, ಆ ಹೆಸರೇ ಉಳಿಯಿತು. ಮುಂದೆ ಯಾರ ನೆರಳೂ ಬೀಳದಂತೆ ಹಾಡಿದವರು ಆ ಕುಮಾರರು. ಅನುಕರಣೆ ಸ್ವಂತಿಕೆಯನ್ನು ಕೊಲ್ಲುತ್ತದೆ ಎನ್ನುವವರಿಗೆ ನಾನು ಅವರ ಬಾಲ್ಯವನ್ನು ನೆನಪಿಸುತ್ತೇನೆ. ತಟ್ಟೆಯನ್ನು ನುಂಗಿ ಅರಗಿಸಿಕೊಂಡವನಿಗೆ ಮಾತ್ರ ಅದನ್ನು ಬಿಟ್ಟು ನಡೆಯಲು ಬರುತ್ತದೆ.

ಗಂಗೂಬಾಯಿ ಹಾನಗಲ್ ಅವರ ತಟ್ಟೆಗಳನ್ನು ನಾನು ಈ ಕೇಳುವ ಅಭ್ಯಾಸದ ಎರಡನೆಯ ತಿಂಗಳಿಗೆ ಇಟ್ಟುಕೊಳ್ಳುತ್ತೇನೆ. 1930ರ ದಶಕದಲ್ಲಿ ಅವರ ಮೊದಲ ರೆಕಾರ್ಡುಗಳು ಬಂದಾಗ ತಟ್ಟೆಯ ಮೇಲೆ ಇದ್ದ ಹೆಸರು ಗಾಂಧಾರಿ. ದನಿ ಎಳೆಯದು, ಎತ್ತರದ್ದು, ಜೇನಿನಂಥದು. ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಪಾಠಕ್ಕೆ ಹೋಗಿಬರುತ್ತಿದ್ದ ವರ್ಷಗಳು ಆಮೇಲಿನವು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಆ ದನಿ ಇಳಿದು ನಾವೆಲ್ಲ ಬಲ್ಲ ಗಂಡುದನಿಯಂಥ ಗಂಭೀರ ದನಿಯಾಯಿತು. ಹಳೆಯ ತಟ್ಟೆಯನ್ನೂ ಮುಪ್ಪಿನ ಕಾಲದ ಒಂದು ಮುದ್ರಣವನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಒಬ್ಬರೇ ಎಂದು ನಂಬುವುದು ಕಷ್ಟ. ಆದರೆ ಕಣ್ಣು ಮುಚ್ಚಿ, ದನಿಯನ್ನು ಬಿಟ್ಟು, ಸ್ವರಕ್ಕೆ ಇಳಿಯುವ ರೀತಿಯನ್ನಷ್ಟೇ ಹಿಂಬಾಲಿಸಿ. ಆ ನಿಷ್ಠೆ ಎರಡರಲ್ಲೂ ಒಂದೇ.

ಕಿರಾಣಾ ಒಂದೇ ಕೇಳಿದವರ ಕಿವಿ ಒಂದು ಕಡೆಗೆ ವಾಲುತ್ತದೆ. ನಡುವೆ ಒಮ್ಮೆ ಆಗ್ರಾದ ಫೈಯಾಜ್ ಖಾನರ ಜೈಜೈವಂತಿ ಹಾಕಿ. ತುಂಬು ಎದೆಯ ದನಿ, ಲಯದೊಡನೆ ಸರಸ. ಜೋಹ್ರಾಬಾಯಿಯ ಗಾಯನವನ್ನು ಮೆಚ್ಚಿದವರು ಅವರು, ಕಿವಿಗೊಟ್ಟರೆ ಆ ನೆಂಟಸ್ತನ ಕೇಳಿಸುತ್ತದೆ. ಮೂರು ನಿಮಿಷ ಏನು ಮಹಾ ಎನ್ನುವವರಿಗೆ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಕೇಳಿಸಿ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಭೂಮಿಯ ಸಂಗೀತವೆಂದು ಬಂಗಾರದ ತಟ್ಟೆಯಲ್ಲಿ ಹೊತ್ತೊಯ್ದ ಹಾಡುಗಳಲ್ಲಿ ಅದೂ ಒಂದು. ಅದರ ಉದ್ದ ಮೂರೂವರೆ ನಿಮಿಷ.

ಒಂದು ಎಚ್ಚರ ಹೇಳಿಬಿಡುತ್ತೇನೆ. ತೀರಾ ಹಳೆಯ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78ರ ವೇಗದಲ್ಲಿ ಮುದ್ರಣವಾದವಲ್ಲ. ನೂರಕ್ಕೆ ಆರರಷ್ಟು ವೇಗ ಹೆಚ್ಚಾದರೆ ಶ್ರುತಿ ಅರ್ಧ ಮನೆ ಏರುತ್ತದೆ, ತಾನುಗಳು ಗಿಲಿಗಿಲಿ ಎನ್ನುತ್ತವೆ, ಗಾಯಕರ ಗಾಂಭೀರ್ಯ ಹೋಗುತ್ತದೆ. ಯಾರದಾದರೂ ದನಿ ಅಸಹಜವಾಗಿ ಚೂಪಾಗಿದೆ ಎನಿಸಿದರೆ ಅವರನ್ನು ಹಳಿಯಬೇಡಿ, ಬೇರೆಯವರು ಇಳಿಸಿಕೊಂಡ ಇನ್ನೊಂದು ಪ್ರತಿ ಹುಡುಕಿ. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನವರು ಇಂಥ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಕೇಳುಗರಿಗೆ ಬಿಟ್ಟಿದ್ದಾರೆ. ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ತಟ್ಟೆಗಳಿದ್ದರೆ ಒಂದರ ಮೇಲೊಂದು ಮಲಗಿಸಿ ಇಡಬೇಡಿ, ಬಿಸಿಲಿಗಂತೂ ತೋರಿಸಲೇಬೇಡಿ. ಅರಗು ಬಾಗುತ್ತದೆ, ಕೈ ಜಾರಿದರೆ ಹಪ್ಪಳದಂತೆ ಒಡೆಯುತ್ತದೆ. ನಿಲ್ಲಿಸಿ, ಒಂದೊಂದಕ್ಕೂ ಒಂದೊಂದು ಕಾಗದದ ಚೀಲ ಹಾಕಿ.

ಹಾಗಾದರೆ ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಆ ಝಿಂಝೋಟಿ ಹಾಕಿಕೊಳ್ಳಿ. ಮುಗಿದ ಮೇಲೆ ಇನ್ನೊಂದಕ್ಕೆ ಹೋಗದೆ ಅದನ್ನೇ ಮತ್ತೊಮ್ಮೆ ಕೇಳಿ. ನಾಳೆಯೂ ಅದೇ. ಹತ್ತು ದಿನಕ್ಕೆ ಮುಖಡಾ ನಿಮ್ಮ ಬಾಯಲ್ಲಿ ತಾನಾಗಿ ಬರುತ್ತದೆ. ಇಪ್ಪತ್ತು ದಿನಕ್ಕೆ, ಖಾನಸಾಹೇಬರು ಉಸಿರು ಎಳೆದುಕೊಳ್ಳುವ ಜಾಗದಲ್ಲಿ ನೀವೂ ಎಳೆದುಕೊಳ್ಳುತ್ತೀರಿ. ತಿಂಗಳು ತುಂಬಿದ ಮೇಲೆ ತಟ್ಟೆಯ ಇನ್ನೊಂದು ಮಗ್ಗುಲು ಹಾಕಿ.